ಆಯ್ತಾರದ ತನಕ

ಜುಲೇಖಾಬಿ ಹೇಳ್ಯಾಳ:
ಮೂರು ಮರಿ ಇದ್ವು, ಎರಡು ಹೋದ್ವು,
ಉಳಿದದ್ದು ನಿನಗಂತ ಇಟ್ಟೀನಿ.
ಆಯ್ತಾರದೊಳಗ ಹೇಳು.

ಹೇಳೋದೇನು?
ವಾಡಿ ಜಂಕ್ಷನ್ನಿನ ಟಿಕೀಟು ಕಿಡಕಿಯೊಳಗ
ವಾರಕ್ಕ ಮೂರು ರಾತ್ರಿ ನಾನು.
ಸೊಲ್ಲಾಪುರಕ್ಕ ಎಷ್ಟು, ರಾಯಚೂರಿಗೆ ಎಷ್ಟು,
ಥಟ್ಟನೆ ಹೇಳ್ತೀನಿ.
ಒಂದು ಬೆಕ್ಕಿಗೆ ಎಷ್ಟು ಬೇಕಂತ
ಯಾವ ಪಟ್ಟಿಯೊಳಗೂ ಇಲ್ಲ.

ಹಾಲು ಅರ್ಧ ಪಾವು. ಅದು ಸಸಾರ.
ಮೀನಿನ ತಲಿ ಆಕೀನೇ ಕೊಡ್ತಾಳಂತ.
ಶಹಾಬಾದ್ ಕಲ್ಲಿನ ನೆಲ,
ಏನು ಮಾಡಿದ್ರೂ ಒರೆಸಿದ್ರಾತು.
ಲೆಕ್ಕ ಅಲ್ಲೀತನಕ ಸರಿ ಬರ್ತದ.

ಆಮ್ಯಾಲ?
ಜ್ವರ ಬಂದ್ರ ಯಾರಿಗೂ ಹೇಳದ
ಬಾಗಿಲು ಹಾಕ್ಕೊಂಡು ಮಲಗುವಾಕಿ ನಾನು.
ಅದಕ್ಕ ಜ್ವರ ಬಂದ್ರ
ಯಾರ ಬಾಗಿಲು ಬಡೀಲಿ?
ಹದಿನೈದು ವರ್ಷ ಬದುಕ್ತಾವಂತ ಬೆಕ್ಕು.
ಹದಿನೈದು ವರ್ಷ!
ನನ್ನ ಗ್ವಾಡಿ ಮ್ಯಾಲಿನ ಕ್ಯಾಲೆಂಡರು
ಯಾವತ್ತೂ ಡಿಸೆಂಬರ್ ದಾಟಿಲ್ಲ.

ಪ್ಲಾಟ್‌ಫಾರ್ಮಿನ ಕಸ ಬಳಿಯೋ ದುರುಗವ್ವ ಅಂತಾಳ:
ಬೆಕ್ಕು ಮನಿಗೆ ಹೊಂದತದ, ಮನಷ್ಯಾರಿಗಲ್ಲ ಬಿಡು.
ಬಾಡಿಗಿ ಮನಿ ನಂದು.
ಯಾವುದಕ್ಕ ಹೊಂದಬೇಕು ಅದು?

ನಿನ್ನೆ ಹೋಗಿ ನೋಡಿ ಬಂದೆ.
ಬಿಳಿ ಮರಿ ಅಂದಿದ್ಲು; ಸಿಮೆಂಟ್ ಧೂಳು ಕೂತು
ನಮ್ಮೂರ ಬೇವಿನೆಲಿ, ಒಣಹಾಕಿದ ಅಂಗಿ,
ಎಲ್ಲದರ ಬಣ್ಣ ಅದರದ್ದೂ.
ನನ್ನ ನೋಡಿ ಆಕಳಿಸ್ತು.
ಏನೂ ಕೇಳಲಿಲ್ಲ.

ಇವತ್ತ ಶನಿವಾರ.
ಡ್ಯೂಟಿ ಮುಗಿಸಿ ಬಂದಾಗ ಎರಡೂವರೆ.
ಕೀಲಿ ಗೊಂಚಲು ಸಪ್ಪಳಾಗಬಾರದಂತ
ಮುಷ್ಟಿಯೊಳಗ ಒತ್ತಿ ಹಿಡಿದು
ಹೊಸ್ತಿಲ ಹೊರಗ ಚಪ್ಪಲಿ ಬಿಟ್ಟೆ.
ಒಳಗ ಯಾರೂ ಇಲ್ಲ.
ಆದ್ರೂ ದೀಪ ಹಚ್ಚಲಿಲ್ಲ.