ತೊಂಬತ್ತು ಚೆಂಡಿನ ಹಂಡೆ

ಬೈತಕೋಲ ಬಂದರಿನಲ್ಲಿ ಬೆಳಗಿನ ಐದೂಕಾಲು.
ನನ್ನ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು,
ಕೊರಳಲ್ಲಿ ಯೋಜನೆಯ ಗುರುತುಚೀಟಿ,
ಅದರ ಫೋಟೋದಲ್ಲಿ ನನಗಿನ್ನೂ ನಿದ್ದೆ.

ಯೋಜನೆಯ ಹೆಸರು ಒಂದೇ ಉಸಿರಿಗೆ ಬಾರದು:
ಅನಿಶ್ಚಿತ ಸಂದರ್ಭಗಳಲ್ಲಿ ಆಲೋಚನೆ, ತರ್ಕ
ಮತ್ತು ನಿರ್ಣಯ, ಕರಾವಳಿ ಘಟಕ.
ಮೂರು ವರ್ಷ. ಸರ್ಕಾರದ ಅನುದಾನ.
ನನಗೆ ತಿಂಗಳ ಸಂಬಳ, ಬರುವಾಗ ಬರುತ್ತದೆ.
ಉತ್ತರ ಕೊಟ್ಟವರಿಗೆ ತಲಾ ನೂರೈವತ್ತು,
ವೋಚರಿನ ಮೇಲೆ ಸಹಿ ಅಥವಾ ಹೆಬ್ಬೆಟ್ಟು.

ಶೇವಂತಿ ಹರಿಕಂತ್ರ ಮಗುಚಿದ ಕ್ರೇಟಿನ ಮೇಲೆ ಕೂತಿದ್ದಾಳೆ.
ಲಿಲಾವಿಗೆ ಇನ್ನೂ ಹೊತ್ತಿದೆ.
ಪ್ರಶ್ನೆ ಹನ್ನೊಂದು. ಓದುತ್ತೇನೆ
ಕಲಿಸಿದ ಹಾಗೆ, ಒಂದಕ್ಷರ ಆಚೀಚೆ ಮಾಡದೆ:

ಒಂದು ಹಂಡೆಯಲ್ಲಿ ತೊಂಬತ್ತು ಚೆಂಡುಗಳಿವೆ.
ಮೂವತ್ತು ಕೆಂಪು. ಉಳಿದವು ಕಪ್ಪು ಅಥವಾ ಹಳದಿ,
ಯಾವುದೆಷ್ಟು ತಿಳಿದಿಲ್ಲ.
ನೋಡದೆ ಒಂದನ್ನು ತೆಗೆಯಬೇಕು.
ಕೆಂಪು ಬಂದರೆ ಹಣ ಎಂಬ ಪಂದ್ಯ ಬೇಕೋ,
ಕಪ್ಪು ಬಂದರೆ ಹಣ ಎಂಬುದೋ?

ಗಡಿಯಾರದ ಗುಂಡಿ ಒತ್ತುತ್ತೇನೆ.
ತಡಮಾಡಿದ್ದೂ ಒಂದು ಉತ್ತರವಂತೆ.

ಅವಳು ದೇವಗಡದ ದೀಪದತ್ತ ನೋಡುತ್ತಾಳೆ,
ಬೆಳಕು ಹರಿದರೂ ಅದು ತಿರುಗುತ್ತಲೇ ಇದೆ.
ಏಳು ಸೆಕೆಂಡು. ಹತ್ತೊಂಬತ್ತು.
ಕವಳ ಉಗಿದು ಬರುತ್ತಾಳೆ. ನಲವತ್ತೊಂದು.

"ಹಂಡೆ ತುಂಬಿದವರು ಯಾರು, ತಂಗೀ?"

ಅದು ಹಾಳೆಯಲ್ಲಿ ಇಲ್ಲ, ಅಕ್ಕಾ.

"ಇಲ್ಲದಿದ್ರೆ ಹ್ಯಾಂಗೆ?
ನಂಬಿಗಸ್ತರಾದ್ರೆ ಕೆಂಪೂ ಒಂದೇ, ಕಪ್ಪೂ ಒಂದೇ.
ಐಸಿನ ವಿಠೋಬ ತುಂಬಿದ್ದಾದ್ರೆ
ಮೇಲೆ ಚೆಂಡು, ಕೆಳಗೆ ಬರೀ ಐಸು.
ನಾನು ಕೈಯೇ ಹಾಕೂದಿಲ್ಲ."

ಮೂರು ಚೌಕಗಳಿವೆ. ಕೆಂಪು. ಕಪ್ಪು. ಗೊತ್ತಿಲ್ಲ.
ಅಂಚಿನಲ್ಲಿ ಬರೆಯಬೇಡಿ ಎಂದಿದ್ದರು ತರಬೇತಿಯಲ್ಲಿ,
ಅಂಚು ಕಂಪ್ಯೂಟರಿಗೆ ಕಾಣುವುದಿಲ್ಲ.
ಅಂಚಿನಲ್ಲಿ ಬರೆದೆ.

"ಈ ದುಡ್ಡು ಯಾರದ್ದು?"
ಸರ್ಕಾರದ್ದು.
"ಅವರಿಗೆ ಎಲ್ಲಿಂದ?"
ತೆರಿಗೆ, ಅಂದೆ. ಸಾಬೂನು, ಚಪ್ಪಲಿ, ಮೊಬೈಲ್ ರಿಚಾರ್ಜು...
ಅವಳು ತನ್ನ ರಬ್ಬರು ಚಪ್ಪಲಿ ನೋಡಿಕೊಂಡಳು,
ಒಂದರ ಪಟ್ಟಿಗೆ ಸೇಫ್ಟಿ ಪಿನ್ನು.
"ಹಾಂಗಾರೆ ನಂದೂ ಪಾಲು ಉಂಟು.
ಸರಿಯಾಗಿ ಕೇಳು."

ಅಷ್ಟರಲ್ಲಿ ಲಿಲಾವು. ಸಾಲು ಸಾಲು ಬಾಂಗಡೆ ಬುಟ್ಟಿ.
ಮೇಲಿನ ಪದರ ದಿಬ್ಬಣ ಹೊರಟ ಹಾಗೆ ಹೊಳೆಯುತ್ತದೆ,
ಕೆಳಗಿನದು ಯಾರಿಗೂ ಕಾಣದು.
ಆರುನೂರು, ಆರುನೂರೈವತ್ತು, ಏಳು...
ಶೇವಂತಿ ಮೀನು ನೋಡುವುದಿಲ್ಲ.
ಬುಟ್ಟಿ ಇಳಿಸಿದ ಹುಡುಗನ ಕೊರಳ ನರ ನೋಡುತ್ತಾಳೆ,
ತಳದಿಂದ ಸೋರುವ ನೀರಿನ ಬಣ್ಣ ನೋಡುತ್ತಾಳೆ,
ಕೂಗುವವನು ಯಾವ ಬುಟ್ಟಿಗೆ
ಅವಸರ ಮಾಡುತ್ತಾನೆ, ಕಿವಿಗೊಡುತ್ತಾಳೆ.
ಆಮೇಲೆ, ಬೈದರೆ ಬೈಯಲಿ ಎಂದು,
ಮಣಿಕಟ್ಟು ಮುಳುಗುವವರೆಗೆ ಕೈ.

ಇದಕ್ಕೆ ನಾನು ಗುಂಡಿ ಒತ್ತಿರಲಿಲ್ಲ.
ಎಷ್ಟು ಸೆಕೆಂಡೋ.

ಎರಡು ಬುಟ್ಟಿ ಬಿಟ್ಟಳು.
ಮೂರನೆಯದಕ್ಕೆ ಏಳುನೂರೈವತ್ತು,
ಅದರಲ್ಲಿ ಕೊನೆಯ ನೂರೈವತ್ತು ಯೋಜನೆಯದು.

ತಪ್ಪಿದ್ದೇ ಇಲ್ಲವಾ, ಅಕ್ಕಾ?
(ಈ ಪ್ರಶ್ನೆಗೆ ಸಂಖ್ಯೆ ಇಲ್ಲ, ನನ್ನದೇ.)
"ಮೊನ್ನೆ ಬುಧವಾರ. ಇಡೀ ಬುಟ್ಟಿ ಮೆತ್ತಗಾದದ್ದು.
ಕೈ ಸರಿಯಾಗೇ ಹೇಳಿತ್ತು. ನಾನು ಕೇಳಲಿಲ್ಲ."
ಎಂತಕ್ಕೆ?
"ಬೇಕಿತ್ತು."

ಅಷ್ಟೇ ಅಂದಳು, ಬುಟ್ಟಿ ತಲೆಗೇರಿಸಿ ಹೊರಟಳು.
ಮೂರು ವರ್ಷದ ಅನುದಾನದ ಕೊನೆಗೆ
ನಮ್ಮ ಸರ್ ಬರೆಯಲಿರುವ ಇನ್ನೂರು ಪುಟ
ಈ ಒಂದು ಮಾತಿನ ಬಾಗಿಲವರೆಗಾದರೂ ಬಂದಾವೇ?
ಬರಲಿ. ಅವರು ಒಳ್ಳೆಯವರು.
ಚೆಂಡುಗಳನ್ನು ಎಣಿಸಿಯೇ ಹಾಕಿರುತ್ತಾರೆ.

ರಾತ್ರಿ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಲ್ಯಾಪ್‌ಟಾಪಿಗೆ ಉತ್ತರ ತುಂಬುತ್ತೇನೆ.
ಹನ್ನೊಂದರಲ್ಲಿ ಬೆರಳು ನಿಂತಿತು.
ಗೊತ್ತಿಲ್ಲ ಎಂದು ಒತ್ತಲೇ? ಅವಳಿಗೆ ಗೊತ್ತಿತ್ತು.
ಕೆಂಪು ಎಂದರೆ ಸುಳ್ಳು. ಕಪ್ಪು ಎಂದರೂ.
ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಬಿಡುವುದಿಲ್ಲ.
ಮೂಲೆಯಲ್ಲಿ ಪುಟ್ಟ ಅಂಕಿಗಳು
ನನ್ನ ತಡವನ್ನೂ ಎಣಿಸುತ್ತಿವೆ,
ಇನ್ನೂ ಒಂಬತ್ತು ಹಾಳೆ ಬಾಕಿ.