ಸೊನ್ನೆಯ ಮೇಲಿನ ಗೆರೆ

ಚೀಟಿ ಬರೆಯುವ ಕಿಟಕಿಯಲ್ಲೇ ತಪ್ಪು ಶುರು.
ಹೆಸರು ಕಬ್ಬನ್‌ಪೇಟೆ, ವಿಳಾಸ ಬನಶಂಕರಿ
ಎಂದು ಬಂದಿತ್ತು ಕಾಗದ.
ಬಂದವಳು ಬನಶಂಕರಿ; ಐವತ್ತೊಂದು ವರ್ಷ,
ಸೆರಗಿಗೆ ಅಂಟಿದ ಜರಿಯ ಒಂದು ಎಳೆ,
ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದಳು.

ಶಬ್ದ ಒಳಗೆ ಬಾರದ ಕೋಣೆ ನನ್ನದು.
ಹತ್ತೊಂಬತ್ತು ವರ್ಷದಿಂದ ಇದರ ಗಾಜಿನಾಚೆ ಕೂತು
ಜನರ ಕಿವಿಗೆ ಸಣ್ಣ ಸಣ್ಣ ಶಿಳ್ಳೆ ಕಳಿಸುತ್ತೇನೆ,
ಕೇಳಿದರೆ ಗುಂಡಿ ಒತ್ತಿ, ಅಷ್ಟೇ.
ಕಿವಿಯಿಂದ ಹುಣಸೆಬೀಜ, ಮೂಗಿನಿಂದ ಗಡಿಯಾರದ ಬ್ಯಾಟರಿ,
ಗಂಟಲಿಂದ ಮೂರು ಹಲ್ಲಿನ ಸೆಟ್ಟು
ತೆಗೆಯುವುದೆಲ್ಲ ಪಕ್ಕದ ಕೋಣೆ. ಅಲ್ಲಿ ಸಾಕ್ಷಿಗೆ ಸೀಸೆಗಳಿವೆ.
ನನ್ನಲ್ಲಿಗೆ ಬರುವವರು ತರುವುದು ಬರೀ ಮಾತು.

"ಕಣ್ಣು ಹೊರಳಿಸಿದ್ರೆ ಸದ್ದಾಗತ್ತೆ ಮೇಡಂ.
ಎಡಕ್ಕೊಂದ್ಸಲ, ಬಲಕ್ಕೊಂದ್ಸಲ.
ಥೇಟು ಲಾಳಿ ಓಡಿದ ಹಾಗೆ."

ಈ ಲಾಳಿಯೇ ಅವಳನ್ನು ಕೆಡಿಸಿದ್ದು.
ಮೂವತ್ತು ವರ್ಷ ಪವರ್‌ಲೂಮ್ ಮುಂದೆ ನಿಂತವಳು
ಲಾಳಿ ಅಂದರೆ ಯಾವ ಡಾಕ್ಟರು ಮುಂದೆ ಕೇಳುತ್ತಾನೆ?
ಒಬ್ಬರು ಮಗ್ಗದ ಮೊರೆತ ಕಿವಿಯಲ್ಲೇ ಉಳಿದಿದೆ ಅಂದರು,
ಒಬ್ಬರು ಮುಟ್ಟು ನಿಲ್ಲುವ ವಯಸ್ಸು ಅಂದರು,
ಒಬ್ಬರು ನಿದ್ದೆ ಮಾತ್ರೆ ಬರೆದರು.
ಓರಗಿತ್ತಿ ನಿಂಬೆಹಣ್ಣು ನಿವಾಳಿಸಿದಳು.
"ಮಗ್ಗ ನಿಂತ್ಮೇಲೇ ಕೇಳೋದು" ಎಂದು ಅವಳು ಹೇಳಿದ್ದನ್ನು
ಯಾರೂ ಬರೆದುಕೊಂಡಿರಲಿಲ್ಲ.
ಮಗ್ಗ ಓಡುವಾಗ ಆಗುತ್ತಿದ್ದದ್ದು ಬೇರೆ:
ನೆಲ, ಹಾಸು, ಸೀರೆಯ ಅಂಚು, ಎಲ್ಲ ಒಂದೇ ಕಡೆ ವಾಲುತ್ತಿತ್ತು.

ಕಿವಿಯ ಹಿಂದಿನ ಮೂಳೆಗೆ ಯಂತ್ರ ಕಟ್ಟಿದೆ.
ಶಿಳ್ಳೆ ಇಳಿಸಿದೆ. ಒತ್ತಿದಳು.
ಇನ್ನೂ ಇಳಿಸಿದೆ. ಒತ್ತಿದಳು.
ಸೊನ್ನೆ. ಒತ್ತಿದಳು.
ಸೊನ್ನೆಯ ಆಚೆ, ನನಗೇ ನಂಬಿಕೆಯಿಲ್ಲದ ಜಾಗದಲ್ಲಿ,
ಒತ್ತಿದಳು.
ವೈರು ಸಡಿಲವೇನೋ ಎಂದು ಎರಡು ಸಲ ನೋಡಿದೆ.
ಗೆರೆ ಸೊನ್ನೆ ದಾಟಿ ಕಾಗದದ ಅಂಚಿಗೆ ಹತ್ತಿತ್ತು.

ಡಾಕ್ಟರ್ ಬೋಜಮ್ಮ ಬಂದರು. ಏನೂ ಕೇಳದೆ ಬಗ್ಗಿದರು.
ಶ್ರುತಿಕವೆಯನ್ನು ತಮ್ಮ ಮೊಣಕಾಲಿಗೆ ತಟ್ಟಿ,
ಕಾಲುಚೈನು ಸರಿಸಿ,
ಅವಳ ಕಾಲಿನ ಹರಡಿಗೆ ಊರಿದರು.
"ಎಲ್ಲಿ?"
ಬನಶಂಕರಿ ಬಲಗಿವಿ ಮುಚ್ಚಿಕೊಂಡಳು.

ಸ್ಕ್ಯಾನಿನಲ್ಲಿ ಕಂಡಿತು: ಒಳಗಿವಿಯ ಮೇಲಿನ ಕಮಾನಿನಲ್ಲಿ
ಮೂಳೆ ಸವೆದು, ಗಸಗಸೆ ಕಾಳಿನಷ್ಟು ಕಿಂಡಿ.
ಇಡೀ ಮೈ ಅಲ್ಲಿಂದ ಕೇಳಿಸುತ್ತಿತ್ತು ಅವಳಿಗೆ:
ಹೆಜ್ಜೆ, ಎದೆ, ಅಗಿದ ಅನ್ನ,
ಕಣ್ಣು.
ಎಲ್ಲರೂ ಹೋಲಿಕೆ ಎಂದುಕೊಂಡಿದ್ದರು.
ಅವಳು ಅಳತೆ ಕೊಟ್ಟಿದ್ದಳು.

ಆಪರೇಷನ್ನಾಗಿ ಎರಡು ತಿಂಗಳಿಗೆ ಬಂದಳು, ಗೋಡೆ ಮುಟ್ಟದೆ.
ಚೀಟಿಯಲ್ಲಿ ಹೆಸರು ಇನ್ನೂ ಕಬ್ಬನ್‌ಪೇಟೆಯೇ.
ಗೆರೆ ಸೊನ್ನೆಯ ಕೆಳಗೆ, ಎಲ್ಲರ ಗೆರೆಯ ಹಾಗೆ.
"ಈಗ?"
"ಮಗ್ಗದ್ದು ಮಗ್ಗಕ್ಕೆ, ನಂದು ನಂಗೆ" ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ನಂದು ಈಗ ನಂಗೂ ಕೇಳಲ್ಲ."

ಸಮ್ಮೇಳನದ ಸ್ಲೈಡಿನಲ್ಲಿ ಅವಳು ಐವತ್ತೊಂದು ವರ್ಷದ ಮಹಿಳೆ.
ಲಾಳಿ ಅದರಲ್ಲಿಲ್ಲ.
ನನ್ನ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿದೆ, ಪೆನ್ಸಿಲ್ಲಿನಲ್ಲಿ.

ಇವತ್ತು ನಲವತ್ತೆರಡನೇ ಟೋಕನ್ನು, ಯಶವಂತಪುರದ ಆಟೊದವನು:
"ಊಟಕ್ಕೆ ಕೂತ್ರೆ ಒಂದೇ ಕೆನ್ನೆ ಬೆವರುತ್ತೆ ಮೇಡಂ,
ಸಾರು ನೆನೆಸ್ಕೊಂಡ್ರೂ."
ಹಿಂದಿನ ಬೆಂಚು ನಕ್ಕಿತು.
ಹೇಗೆ ಶುರುವಾಗತ್ತೆ, ಯಾವುದರ ಹಾಗೆ,
ಹೇಳಿ ಅಂದೆ. ಪೆನ್ಸಿಲ್ ಚೂಪಾಗಿತ್ತು.