ಬೇರೆ ಥಾನಿನ ಕಾಲು

ನಿನ್ನೆ ರಾತ್ರಿ ಎಂಟೂವರೆಗೆ
ಧಾರಿಣಿಯ ಗಂಡ ಬಚ್ಚಲಿಗೆ ಹೋದ.
ಹೊರಗೆ ಬಂದವನು ಬೇರೆ ಯಾರೋ.
ಅದೇ ಟವೆಲ್ಲು, ಅದೇ ಹೆಸರು.
ಕೆಳಗೊಂದು ಸಾಲು ಇರುವೆ ಹರಿದ ಹಾಗೆ ಹರಿಯಿತು:
ಇಂದಿನಿಂದ ಚಿರಂತನನ ಪಾತ್ರದಲ್ಲಿ ಇವರು.
ಧಾರಿಣಿ ತಲೆ ಎತ್ತಿ ನೋಡಿದಳು,
ಕಾಫಿ ಕೊಟ್ಟಳು.
ಅಷ್ಟೆ.

ಇವತ್ತು ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಹದಿನಾಲ್ಕು ಮಷೀನು, ಹದಿನಾಲ್ಕು ಅಭಿಪ್ರಾಯ.

"ಕಾಫಿ ಹೆಂಗ್ ಕೊಟ್ಲವ್ವ ಆಕಿ,
ಒಂದೀಟು ಕೈ ನಡುಗಲಿಲ್ಲ" ಎಂದಳು ಸುಂಕಮ್ಮ,
ಬೆಲ್ಟ್ ಲೂಪು ಹಚ್ಚುವಾಕಿ, ಹಳಬನ ಕಡೆಯವಳು.
ಅವನ ಗಲ್ಲದ ಕುಳಿಗೆ ಸೋತು
ಮೂರು ವರ್ಷ ಅನ್ನ ಸೀಯಿಸಿದವಳು.
"ಹೊಸಾವ ನಕ್ರೆ, ಬ್ಯಾಂಕಿನ ಮ್ಯಾನೇಜರು
ಲೋನ್ ಇಲ್ಲ ಅಂದಂಗೈತೆ."

ಮಾಬುನ್ನಿಗೆ ಹೊಸಬನೇ ಸೈ:
"ಎತ್ತರ ಅದಾನ, ದನಿ ಐತೆ.
ಹಳೆಯಾವ ಅಳೋ ಸೀನಿನಾಗ
ಮೂಗು ಒರೆಸ್ಕೊಂತಿದ್ದ, ಕಣ್ಣು ಒಣಗೇ ಇರ್ತಿತ್ತು."

ಝಿಪ್ಪಿನ ಈರಮ್ಮನ ಲೆಕ್ಕದಲ್ಲಿ
ಧಾರಿಣಿಗೆ ಇಬ್ಬರೂ ತಕ್ಕವರಲ್ಲ.
ಮೊದಲ ತಿಂಗಳು ಬಂದಿದ್ದನಲ್ಲ ಆ ದನದ ಡಾಕ್ಟರು,
ಅವನೇ ಜೋಡಿ.
ಎಮ್ಮೆಗೊಂದು ಸೂಜಿ ಚುಚ್ಚಿ
ಆರನೇ ಕಂತಿಗೆ ಮಾಯವಾದವನನ್ನು
ಇಡೀ ರಾಜ್ಯದಲ್ಲಿ ಇವಳೊಬ್ಬಳೇ ಕಾಯುತ್ತಿದ್ದಾಳೆ.

ನಾನು ಕಾಲು ಕೂಡಿಸುವವಳು.
ಎಡಗಾಲು, ಬಲಗಾಲು.
ಸ್ಟಿಕ್ಕರಿನ ನಂಬರು ನೋಡಬೇಕು,
ಒಂದೇ ಥಾನಿನಲ್ಲಿ ಕತ್ತರಿಸಿದ್ದಾದರೆ ಮಾತ್ರ ಹೊಲಿಗೆ.
ತಪ್ಪಿದರೆ ಆಗ ಗೊತ್ತಾಗುವುದಿಲ್ಲ,
ಕೋರಾ ಬಟ್ಟೆಯಲ್ಲಿ ಎಲ್ಲ ನೀಲಿಯೂ ಒಂದೇ ನೀಲಿ.
ವಾಷಿಂಗಿಗೆ ಹೋಗಿ, ಕಲ್ಲಿನ ಜೊತೆ ಉರುಳಾಡಿ,
ಒಣಗಿ ಬಂದ ಮೇಲೆ
ಒಂದು ಕಾಲು ಮಧ್ಯಾಹ್ನ, ಒಂದು ಕಾಲು ಸಂಜೆ.
ಎರ್ರಿಸ್ವಾಮಿ ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು
ಯಾರ ಕೈ ಇದು ಅನ್ನುತ್ತಾನೆ,
ಶನಿವಾರ ಕೂಲಿಯಲ್ಲಿ ಮುರಿಯುತ್ತಾನೆ.

ಅದಕ್ಕೇ ಅಂದೆ, ತಡೀರೆ, ಒಂದು ವಾಷಾಗಲಿ.
ಅತ್ತೆ ಹಾಲಿಗೆ ವಿಷ ಬೆರೆಸಲಿ,
ಆಸ್ಪತ್ರೆಯಾಗಲಿ, ಜೈಲಾಗಲಿ,
ಆಮೇಲೆ ನೋಡೋಣ ಬಣ್ಣ.

ಕರೆಂಟು ಹೋಯಿತು.
ಮಷೀನುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು.
ತಗಡಿನ ಸೂರು ಬಿಸಿಲಿಗೆ ಟಣ್ಣೆಂದು ಮೈ ಮುರಿಯಿತು.
ಆಗ ಹುಲಿಗೆಮ್ಮ, ಗುಂಡಿ ಹೊಡೆಯುವಾಕಿ,
ಟೀವಿ ಮಾತಿಗೆ ಎಂದೂ ಬಾರದಾಕಿ,
ಪ್ಯಾಂಟಿನ ರಾಶಿಗೆ ಹೇಳುವಂತೆ ಹೇಳಿದಳು:

"ನಾನು ಹೋದಾಗ ಕೆಳಗ ಯಾವ ಸಾಲೂ ಹರೀಲಿಲ್ಲ.
ಅಕ್ಕನ ಸೀರಿ, ಅಕ್ಕನ ಹಂಚು, ಅಕ್ಕನ ಗಂಡ.
ಹುಡುಗ ಒಂದೂವರೆ ವರ್ಷ
ನನ್ನ ಏನಂತಾನೂ ಕರೀಲಿಲ್ಲ.
ಓಣ್ಯಾಗ ಎಲ್ಲಾರಿಗೂ ಮೊದಲಿನಾಕಿನೇ ಚಂದ."

ಸುಂಕಮ್ಮ ಲೂಪು ಎಣಿಸತೊಡಗಿದಳು,
ಎಣಿಸಿಟ್ಟಿದ್ದನ್ನೇ.
"ಆಮ್ಯಾಲೆ?" ಎಂದಳು ಮಾಬುನ್ನಿ,
ತಪ್ಪಿಹೋದ ಕಂತಿನ ಕತೆ ಕೇಳುವ ದನಿಯಲ್ಲಿ.
"ಆಮ್ಯಾಲೇನು.
ಒಂದಿನ ಹಸಿವಾತು ಅವನಿಗೆ. ಯವ್ವಾ ಅಂದ."

ಕರೆಂಟು ಬಂತು.

ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದೆ.
ಎಂಟೂವರೆ.
ಧಾರಿಣಿ ಹೊಸಬನಿಗೆ ಲೋಟ ಚಾಚುವಾಗ
ಅರೆಗಳಿಗೆ ತಡೆದಳು.
ತಡೆದದ್ದು ಅವಳೋ, ನಮ್ಮ ಕೇಬಲ್ಲೋ,
ಸುಂಕಮ್ಮನನ್ನು ಕೇಳಬೇಕು.

ಕೊನೆಗೆ ಬಾಗಿಲಲ್ಲೊಬ್ಬ ಹುಡುಗಿ,
ಕೆಂಪು ಸೂಟ್‌ಕೇಸು, ಹೊಸ್ತಿಲ ಹೊರಗೆ ಎರಡು ಕಾಲು,
ಯಾರೆಂದು ಹೇಳುವುದು ನಾಳೆಗೆ.

ನನ್ನ ಅಭಿಪ್ರಾಯ ಈಗಲೇ ತಯಾರು:
ಅವಳು ಸರಿಯಿಲ್ಲ.
ಹುಲಿಗೆಮ್ಮನ ಎದುರು ಮಾತ್ರ
ಹೇಳಲಾರೆ.